ಫಿಲ್ಲರ್ ಚಿಕಿತ್ಸೆಯಲ್ಲಿ ಅಲ್ಟ್ರಾಸೌಂಡ್: ಸೂಜಿಗೆ ಮೊದಲು ಮತ್ತು ಆಮೇಲೆ

ಮಾನ್ಯರೇ,

ಸ್ಕ್ಯಾನಿಂಗ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬಸುರಿಯ ಹೊಟ್ಟೆ, ಇಲ್ಲವೇ ಮೂತ್ರಪಿಂಡದ ಕಲ್ಲು. ಅದೇ ಯಂತ್ರದಿಂದ ಮುಖದ ಚರ್ಮದಡಿಯನ್ನು ನೋಡಿ, ಅನಂತರವೇ ತುಟಿಗೋ ಕೆನ್ನೆಗೋ ಫಿಲ್ಲರ್, ಅಂದರೆ ಸುಕ್ಕು ತುಂಬಲು ಇಲ್ಲವೇ ಉಬ್ಬು ಕೊಡಲು ಬಳಸುವ ಪದಾರ್ಥ, ಚುಚ್ಚುವ ಕ್ರಮ ಈಗ ಬೆಳೆಯುತ್ತಿದೆ. ಚಿಲಿ ದೇಶದ ಶಿಮೆನಾ ವೋರ್ಟ್ಸ್‌ಮನ್, ರೋಟರ್‌ಡ್ಯಾಮಿನ ಲಿಯೊನಿ ಸ್ಕೆಲ್ಕೆ ಮುಂತಾದ ವೈದ್ಯರು ಇದಕ್ಕೆ ಶಾಸ್ತ್ರೀಯ ತಳಹದಿ ಒದಗಿಸಿದ್ದಾರೆ. ಚುಚ್ಚುವ ಕ್ಷಣದಲ್ಲಿ ಸೂಜಿಯನ್ನು ಪರದೆಯ ಮೇಲೆ ನೋಡುವುದಕ್ಕಿಂತ, ಚುಚ್ಚುವ ಮೊದಲು ಮತ್ತು ತೊಂದರೆಯಾದ ಮೇಲೆ ನೋಡುವುದರಿಂದಲೇ ಹೆಚ್ಚು ಪ್ರಯೋಜನವಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಅಪಾಯವನ್ನು ಗಮನಿಸೋಣ. ಹುಬ್ಬುಗಳ ನಡುವೆ ಮತ್ತು ಮೂಗಿನ ಮೇಲೆ ಹರಿಯುವ ಸಣ್ಣ ಅಪಧಮನಿಗಳು ಕಣ್ಣಿಗೆ ರಕ್ತ ಒಯ್ಯುವ ನಾಳದೊಂದಿಗೆ ಕೂಡಿಕೊಂಡಿವೆ. ಸೂಜಿಯ ತುದಿ ಅವುಗಳೊಳಗೆ ಹೊಕ್ಕಿದ್ದಾಗ ಸಿರಿಂಜನ್ನು ಒತ್ತಿದರೆ, ಫಿಲ್ಲರ್ ರಕ್ತದ ಹರಿವಿಗೆ ಎದುರಾಗಿ ಹಿಂದಕ್ಕೆ ಸರಿದು, ಒತ್ತಡ ನಿಂತೊಡನೆ ರಕ್ತದ ಜೊತೆಗೇ ಮುಂದೆ ಹರಿದು ರೆಟಿನಾದ ನಾಳವನ್ನು ಮುಚ್ಚಬಹುದು. ಹೀಗೆ ದೃಷ್ಟಿಗೆ ಹಾನಿಯಾದ 98 ಪ್ರಕರಣಗಳನ್ನು ಜಗತ್ತಿನಾದ್ಯಂತದ ವರದಿಗಳಿಂದ ಕಲೆಹಾಕಿದ ವಿಮರ್ಶೆಯೊಂದು 2015ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ಎರಡು ಜಾಗಗಳಿಗೆ ಸಂಬಂಧಿಸಿದ್ದವು. ನಡೆಯುವ ಚಿಕಿತ್ಸೆಗಳ ಸಂಖ್ಯೆಗೆ ಹೋಲಿಸಿದರೆ ಇದು ಅಪರೂಪವೇ, ಆದರೆ ಹೋದ ದೃಷ್ಟಿ ಬಹುಮಟ್ಟಿಗೆ ಮರಳುವುದಿಲ್ಲ.

ಪಠ್ಯಪುಸ್ತಕದ ಚಿತ್ರದಲ್ಲಿರುವಲ್ಲಿಯೇ ನಾಳ ಇರುತ್ತದೆಂಬ ಭರವಸೆಯಿಲ್ಲ. ತುಟಿಯ ಅಪಧಮನಿ ಹೆಚ್ಚಿನವರಲ್ಲಿ ಒಳಪೊರೆಯ ಹತ್ತಿರ, ಕೆಲವರಲ್ಲಿ ಸ್ನಾಯುವಿನೊಳಗೆ, ಅಪರೂಪಕ್ಕೆ ಚರ್ಮದ ಕೆಳಗೇ ಇರುತ್ತದೆ. ಒಬ್ಬರದೇ ಮುಖದ ಎಡಕ್ಕೂ ಬಲಕ್ಕೂ ವ್ಯತ್ಯಾಸವಿರಬಹುದು. ಸಿರಿಂಜನ್ನು ಹಿಂದಕ್ಕೆಳೆದು ರಕ್ತ ಬರುವುದೇ ಎಂದು ನೋಡುವ ರೂಢಿಯನ್ನು ಪೂರ್ತಿ ನಂಬಲಾಗದು, ಏಕೆಂದರೆ ಮಂದವಾದ ಜೆಲ್ ತುಂಬಿದ ಸಪೂರ ಸೂಜಿಯಲ್ಲಿ, ತುದಿ ನಾಳದೊಳಗಿದ್ದರೂ ರಕ್ತ ಕಾಣಿಸದೇ ಇರಬಹುದು. ಅಲ್ಟ್ರಾಸೌಂಡ್‌ನ ಕಲರ್ ಡಾಪ್ಲರ್ ಎಂಬ ವಿಧಾನವಾದರೋ ಹರಿಯುತ್ತಿರುವ ರಕ್ತವನ್ನೇ ಬಣ್ಣದಲ್ಲಿ ತೋರಿಸುತ್ತದೆ. ಹೊಟ್ಟೆಯ ಸ್ಕ್ಯಾನಿಂಗ್‌ಗೆ ಬಳಸುವ ಪ್ರೋಬ್ (ಯಂತ್ರದಲ್ಲಿ ಚರ್ಮದ ಮೇಲಿಡುವ ಭಾಗ) ಇಲ್ಲಿ ಕೆಲಸಕ್ಕೆ ಬಾರದು. ಆಳ ಕಡಿಮೆಯಾದರೂ ಸೂಕ್ಷ್ಮವಾಗಿ ತೋರಿಸುವ, 15 ಮೆಗಾಹರ್ಟ್ಸ್ ಅಥವಾ ಅದಕ್ಕೂ ಮೇಲಿನ ಪ್ರೋಬ್ ಬೇಕು. ಅದನ್ನು ಸ್ಕ್ಯಾನಿಂಗ್ ಜೆಲ್‌ನ ದಪ್ಪ ಪದರದ ಮೇಲೆ ಹಗುರವಾಗಿ ಇಡಬೇಕು, ಒತ್ತಿದರೆ ಸಣ್ಣ ನಾಳಗಳು ಚಪ್ಪಟೆಯಾಗಿ ಪರದೆಯಿಂದಲೇ ಮಾಯವಾಗುತ್ತವೆ.

ಇನ್ನೊಂದು ಉಪಯೋಗ ಇದಕ್ಕಿಂತ ಕಡಿಮೆ ಪ್ರಚಾರದ್ದು, ಆದರೆ ನನ್ನ ಲೆಕ್ಕದಲ್ಲಿ ಅಷ್ಟೇ ಮುಖ್ಯವಾದದ್ದು. ವರ್ಷಗಳ ಹಿಂದೆ ಎಲ್ಲೋ ಚುಚ್ಚಿಸಿಕೊಂಡದ್ದು ಏನೆಂದು ಅನೇಕರಿಗೆ ಗೊತ್ತಿರುವುದಿಲ್ಲ. ಅಲ್ಟ್ರಾಸೌಂಡ್ ಪರದೆಯಲ್ಲಿ ಹಯಲ್ಯೂರಾನಿಕ್ ಆಮ್ಲದ ಫಿಲ್ಲರ್ ಸಾಮಾನ್ಯವಾಗಿ ಕಪ್ಪು ಗುಳಿಗಳಾಗಿ, ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್ ಎಂಬ ಇನ್ನೊಂದು ಬಗೆಯ ಫಿಲ್ಲರ್ ಬೆಳ್ಳಗೆ ತನ್ನ ಕೆಳಗೆ ನೆರಳು ಬೀಳಿಸುತ್ತಾ, ಸಿಲಿಕೋನ್ ಎಣ್ಣೆ ದಟ್ಟ ಮಂಜು ಕವಿದಂತೆ ಕಾಣುತ್ತವೆ. ಹಯಲ್ಯೂರಾನಿಡೇಸ್ ಎಂಬ ಕಿಣ್ವ ಕರಗಿಸುವುದು ಮೊದಲನೆಯದನ್ನು ಮಾತ್ರ. ಗಂಟಾಗಿರುವುದು ಸಿಲಿಕೋನ್ ಎಂದು ತಿಳಿದರೆ ಆ ಕಿಣ್ವವನ್ನು ಸುಮ್ಮನೆ ಚುಚ್ಚುವುದು ತಪ್ಪುತ್ತದೆ.

ಚರ್ಮದ ನಾಳ ಕಟ್ಟಿಕೊಂಡು ಆ ಭಾಗ ಬಿಳಿಚಿಕೊಂಡಾಗ ಅಥವಾ ಬಲೆಯಂತೆ ನೀಲಿಗಟ್ಟಿದಾಗ, ಹರಿವು ಎಲ್ಲಿ ನಿಂತಿದೆ ಎಂಬುದನ್ನು ಡಾಪ್ಲರ್‌ನಲ್ಲಿ ಹುಡುಕಿ, ಅಲ್ಲಿಯ ಜೆಲ್‌ಗೇ ಕಿಣ್ವ ಕೊಟ್ಟರೆ ಸಾಕಷ್ಟು ಕಡಿಮೆ ಪ್ರಮಾಣದಲ್ಲಿ ಕೆಲಸವಾಗಬಹುದು. ಯಂತ್ರ ಬರುವವರೆಗೆ ಕಾಯುತ್ತಾ ಕೂರುವುದು ಮಾತ್ರ ಸಲ್ಲದು. ಕಣ್ಣು ಮಬ್ಬಾದರಂತೂ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಭಾರತದಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ. ಭ್ರೂಣಲಿಂಗ ಪತ್ತೆಯನ್ನು ತಡೆಯಲು ಬಂದ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಂತೆ, ನೋಂದಣಿಯಿಲ್ಲದ ಕ್ಲಿನಿಕ್‌ಗೆ ಅಲ್ಟ್ರಾಸೌಂಡ್ ಯಂತ್ರ ಮಾರುವಂತೆಯೇ ಇಲ್ಲ. ಮುಖ ನೋಡಲೆಂದೇ ಕೊಳ್ಳುತ್ತೇನೆ ಎಂದ ಮಾತ್ರಕ್ಕೆ ಚರ್ಮತಜ್ಞರಿಗೆ ವಿನಾಯಿತಿ ಸಿಗದು. ಕಾಯ್ದೆಯ ಉದ್ದೇಶ ಪ್ರಶ್ನಾತೀತ. ಆದರೆ ಅದರ ಫಲವಾಗಿ ಚರ್ಮತಜ್ಞರು ರೋಗಿಯನ್ನು ರೇಡಿಯಾಲಜಿಸ್ಟ್ ಬಳಿ ಕಳುಹಿಸಿ, ನಾಳದ ಜಾಡನ್ನು ಪೆನ್ನಿನಲ್ಲಿ ಗುರುತು ಹಾಕಿಸಿಕೊಳ್ಳಬೇಕಾಗಬಹುದು. ಆಗ ಸ್ಕ್ಯಾನ್ ಮಾಡುವಾಗಲೂ ಚುಚ್ಚುವಾಗಲೂ ರೋಗಿಯ ಭಂಗಿ ಒಂದೇ ಆಗಿರುವಂತೆ ಇಬ್ಬರೂ ಮೊದಲೇ ಮಾತಾಡಿಕೊಂಡಿರಬೇಕು, ಏಕೆಂದರೆ ಮಲಗಿದಾಗ ಹಾಕಿದ ಗೆರೆ, ರೋಗಿ ಎದ್ದು ಕೂತಾಗ ಚರ್ಮದೊಂದಿಗೆ ನಾಳದ ಮೇಲಿನಿಂದ ಸರಿದುಬಿಡುತ್ತದೆ.