ಮೂರು ಸೆಂಟಿಮೀಟರ್ ಆಫ್‌ಸೈಡ್: ಆ ಗೆರೆಯನ್ನ ಎಷ್ಟು ನಂಬಬಹುದು?

ನಮಸ್ಕಾರ. ಈ ಸಲ ಫುಟ್‌ಬಾಲೂ ಟೆಕ್ನಾಲಜಿಯೂ ಒಂದಕ್ಕೊಂದು ತಾಗೋ ಜಾಗಕ್ಕೆ ಹೋಗೋಣ. ಆಫ್‌ಸೈಡ್ ಗೆರೆ. ಗೋಲ್ ಬೀಳುತ್ತೆ, ಸ್ಟೇಡಿಯಂ ಎದ್ದು ನಿಲ್ಲುತ್ತೆ, ಅಷ್ಟರಲ್ಲಿ ರೆಫರಿ ಕಿವಿಗೆ ಬೆರಳಿಟ್ಟುಕೊಂಡು ನಿಂತುಬಿಡ್ತಾರೆ. ಆಮೇಲೆ ಟಿವಿಯಲ್ಲಿ ಎರಡು ಗೆರೆ, ನಡುವೆ ಒಂದು ಬೆರಳಿನಷ್ಟು ಜಾಗ. ಗೋಲ್ ರದ್ದು. ತಂತ್ರಜ್ಞಾನ ಬೇಕೇ ಬೇಕು ಅನ್ನೋನು ನಾನು. ಆದರೆ ಯಾವ ಅಳತೆಯಲ್ಲೂ ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತೆ, ಆ ಹೆಚ್ಚುಕಮ್ಮಿ ಎಷ್ಟು ಅಂತ ನಿಯಮದ ಪುಸ್ತಕದಲ್ಲೇ ಬರೆದಿಡಬೇಕು. ನನ್ನ ವಾದ ಇಷ್ಟೇ.

ನಿಯಮ ನೆನಪಿಸಿಕೊಳ್ಳೋಣ. ಜೊತೆಗಾರ ಚೆಂಡನ್ನ ಮುಟ್ಟಿದ ಕ್ಷಣದಲ್ಲಿ, ಎದುರಾಳಿಯ ಅರ್ಧದಲ್ಲಿರೋ ಆಟಗಾರನ ತಲೆ, ಮೈ, ಕಾಲು, ಇವುಗಳಲ್ಲಿ ಯಾವುದಾದರೂ ಚೆಂಡಿಗಿಂತಲೂ ಕೊನೆಯಿಂದ ಎರಡನೇ ಎದುರಾಳಿಗಿಂತಲೂ ಗೋಲ್ ಲೈನಿಗೆ ಹತ್ತಿರ ಇದ್ದರೆ ಅದು ಆಫ್‌ಸೈಡ್ ಸ್ಥಾನ. 1925ಕ್ಕೆ ಮುಂಚೆ ಆಟಗಾರನಿಗೂ ಗೋಲ್ ಲೈನಿಗೂ ನಡುವೆ ಇಬ್ಬರ ಬದಲು ಮೂವರು ಎದುರಾಳಿಗಳು ಇರಬೇಕಿತ್ತು. ಸರಿಸಮ ನಿಂತರೆ ಆನ್‌ಸೈಡ್ ಅನ್ನೋದು 1990ರಿಂದ. ಕೈ ಲೆಕ್ಕಕ್ಕಿಲ್ಲ, ಗೋಲ್‌ಕೀಪರ್ ಕೈ ಕೂಡ. ಕೈ ಎಲ್ಲಿಂದ ಶುರು ಅಂದರೆ ಕಂಕುಳಿನ ತಳದಿಂದ. ಅಂದರೆ ಭುಜದ ತುದಿ ಲೆಕ್ಕಕ್ಕೆ ಬರುತ್ತೆ. ಜರ್ಸಿ ತೋಳಿನ ಬಟ್ಟೆಯ ಒಳಗೆ ಆ ತುದಿ ಎಲ್ಲಿದೆ ಅಂತ ಯಾರಾದರೂ ಕೂತು ನಿರ್ಧರಿಸಬೇಕು.

ಈಗ ಸ್ಕ್ರೀನ್ ಮೇಲೆ ಪಾಸ್ ಕೊಡ್ತಿರೋ ಕಾಲನ್ನ ನೋಡಿ. ಮಾಮೂಲಿ ಪ್ರಸಾರದ ಕ್ಯಾಮೆರಾ ಸೆಕೆಂಡಿಗೆ 50 ಫ್ರೇಮ್ ಹಿಡಿದರೆ, ಒಂದು ಫ್ರೇಮಿಗೂ ಮುಂದಿನದಕ್ಕೂ ನಡುವೆ 20 ಮಿಲಿಸೆಕೆಂಡ್. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ನುಗ್ಗೋ ಫಾರ್ವರ್ಡ್ ಆ ಹೊತ್ತಿನಲ್ಲಿ 16 ಸೆಂಟಿಮೀಟರ್ ದಾಟಿರ್ತಾನೆ. ಆಫ್‌ಸೈಡ್ ಟ್ರ್ಯಾಪ್ ಹಾಕೋಕೆ, ಅಂದರೆ ಫಾರ್ವರ್ಡನ್ನ ಆಫ್‌ಸೈಡಿಗೆ ಸಿಕ್ಕಿಸೋಕೆ, ಡಿಫೆಂಡರ್ 5 ಮೀಟರ್ ವೇಗದಲ್ಲಿ ಎದುರು ದಿಕ್ಕಿಗೆ ಓಡಿ ಬರ್ತಿದ್ದರೆ ಇನ್ನೊಂದು 10. ಒಟ್ಟು 26 ಸೆಂಟಿಮೀಟರ್. ಒಂದು ಫ್ರೇಮಿನಲ್ಲಿ ಬೂಟು ಚೆಂಡಿನ ಹಿಂದಿದೆ, ಮುಂದಿನ ಫ್ರೇಮಿನಲ್ಲಿ ಚೆಂಡು ಆಗಲೇ ಹೊರಟಿದೆ. ನಿಯಮ ಕೇಳೋ ಮೊದಲ ಸ್ಪರ್ಶ ಇವೆರಡರ ನಡುವೆ ಎಲ್ಲೋ ಆಗಿಹೋಯಿತು, ಕ್ಯಾಮೆರಾ ಅದನ್ನ ನೋಡಲೇ ಇಲ್ಲ. ಆಪರೇಟರ್ ಎರಡರಲ್ಲಿ ಒಂದನ್ನ ಆರಿಸಬೇಕು. ತೀರ್ಪಿನ ಅರ್ಧ ಭಾಗ ಆ ಆಯ್ಕೆಯಲ್ಲೇ ಮುಗಿದಿರುತ್ತೆ.

ಗೆರೆ ಎಳೆಯೋ ಕೆಲಸಕ್ಕೂ ಅದರದೇ ಕಷ್ಟ ಇದೆ. ಪಾದ ನೆಲದ ಮೇಲಿದ್ದರೆ ಸುಲಭ. ಭುಜ ಗಾಳಿಯಲ್ಲಿದೆ, ಅಲ್ಲಿಂದ ನೆಲಕ್ಕೆ ನೇರ ಲಂಬ ಇಳಿಸಬೇಕು, ಒಂದೇ ಕ್ಯಾಮೆರಾದಿಂದ ಆಳ ಗೊತ್ತಾಗಲ್ಲ. ಆದ್ದರಿಂದ ಪೆನಾಲ್ಟಿ ಏರಿಯಾದ ಗೆರೆಗಳನ್ನ ಆಧಾರ ಇಟ್ಟುಕೊಂಡು ಕ್ಯಾಮೆರಾವನ್ನ ಮೊದಲೇ ಹೊಂದಿಸಿರ್ತಾರೆ. ಮನೆಯಲ್ಲಿ ರೀಪ್ಲೇ ನಿಲ್ಲಿಸಿ ಮೊಬೈಲ್ ಮೇಲೆ ಸ್ಕೇಲ್ ಇಟ್ಟು ನೋಡೋರು ಇದನ್ನ ಗಮನಿಸಬೇಕು: ಕ್ಯಾಮೆರಾ ಆ ಗೆರೆಗೆ ನೇರವಾಗಿ ಇಲ್ಲದಿದ್ದರೆ ಸಮಾಂತರ ಗೆರೆಗಳು ಪರದೆಯ ಮೇಲೆ ಓರೆಯಾಗೇ ಕಾಣುತ್ತವೆ. ಸ್ಕೇಲಿನಿಂದ ಏನೂ ಸಾಬೀತಾಗಲ್ಲ. ಹುಲ್ಲು ಕತ್ತರಿಸಿದ ಪಟ್ಟಿ ಯಾವ ಕಡೆ ವಾಲಿದೆಯೋ, ಕಣ್ಣಿನ ಗೆರೆಯನ್ನೂ ಅದೇ ಕಡೆ ವಾಲಿಸಿ ನೋಡಿ.

2022ರ ಕತಾರ್ ವಿಶ್ವಕಪ್‌ನಲ್ಲಿ ಇದಕ್ಕೊಂದು ಒಳ್ಳೆ ಉತ್ತರ ಬಂತು. ಛಾವಣಿಯ ಕೆಳಗೆ 12 ಟ್ರ್ಯಾಕಿಂಗ್ ಕ್ಯಾಮೆರಾ, ಪ್ರತಿ ಆಟಗಾರನ ಮೈಮೇಲೆ 29 ಬಿಂದುಗಳ ಲೆಕ್ಕ, ಸೆಕೆಂಡಿಗೆ 50 ಸಲ. ಚೆಂಡಿನ ಒಳಗೆ ಒಂದು ಸೆನ್ಸರ್, ಅದು ಸೆಕೆಂಡಿಗೆ 500 ಸಲ ಮಾಹಿತಿ ಕಳಿಸುತ್ತೆ. ಒದ್ದ ಕ್ಷಣದ ಅನುಮಾನ 20 ಮಿಲಿಸೆಕೆಂಡಿನಿಂದ 2ಕ್ಕೆ ಇಳಿಯಿತು. ದೊಡ್ಡ ಹೆಜ್ಜೆ, ಮನಸಾರೆ ಮೆಚ್ಚಬೇಕು. ಆದರೆ ಆಟಗಾರರ ಸ್ಥಾನ ಅಲ್ಲೂ 50 ಸಲವೇ. ನಡುವಿನದ್ದನ್ನ ಲೆಕ್ಕ ಹಾಕಿ ತುಂಬಿಸಬೇಕು. ಟಿವಿಯಲ್ಲಿ ತೋರಿಸೋ ಆ ನುಣುಪಾದ ತ್ರೀಡಿ ಗೊಂಬೆ ಆ ಬಿಂದುಗಳ ಮೇಲೆ ಕಟ್ಟಿದ್ದು. ಗೊಂಬೆಯ ಅಂಚು ಎಷ್ಟು ಚೂಪಾಗಿ ಕಾಣುತ್ತೋ ಅಳತೆ ಅಷ್ಟು ಚೂಪಾಗಿಲ್ಲ. ನನ್ನ ತಕರಾರು ಇರೋದು ಇಲ್ಲೇ.

2024ರ ಯೂರೋ ಕಪ್, ಜೂನ್ 29, ಡಾರ್ಟ್‌ಮುಂಡ್. ಜರ್ಮನಿ ವಿರುದ್ಧ ಡೆನ್ಮಾರ್ಕಿನ ಆ್ಯಂಡರ್ಸನ್ ಗೋಲ್ ಹೊಡೆದರು. ಅವರದೇ ತಂಡದ ಡಿಲೇನಿಯ ಕಾಲ್ಬೆರಳು ಮುಂದಿತ್ತು ಅಂತ ರದ್ದಾಯಿತು. ಕೆಲವೇ ನಿಮಿಷದಲ್ಲಿ ಅದೇ ಆ್ಯಂಡರ್ಸನ್ ಕೈಗೆ ಚೆಂಡು ತಾಗಿದ್ದನ್ನ ಸೆನ್ಸರ್ ಹಿಡಿಯಿತು, ನಮ್ಮ ಕ್ರಿಕೆಟ್ಟಿನ ಸ್ನಿಕೋ ತರ ಪರದೆಯ ಮೇಲೆ ಗ್ರಾಫ್ ಎದ್ದಿತು, ಪೆನಾಲ್ಟಿ, ಹಾವರ್ಟ್ಸ್ ಗೋಲ್. ಜರ್ಮನಿ 2-0. ಎರಡನೇ ತೀರ್ಪಿನಲ್ಲಿ ಸೆನ್ಸರ್ ಹೇಳಿದ್ದು ತಾಗಿತೋ ಇಲ್ಲವೋ ಅನ್ನೋದು, ಅದಕ್ಕೆ ಅದು ಸರಿಯಾದ ಉಪಕರಣ. ತಾಗಿದ್ದು ಅಪರಾಧವೋ ಅಲ್ಲವೋ ಅನ್ನೋದನ್ನ ಮಾತ್ರ ರೆಫರಿಯೇ ಹೇಳಬೇಕು. ಮೊದಲನೇದು ಎಷ್ಟು ಮುಂದಿತ್ತು ಅನ್ನೋ ಪ್ರಶ್ನೆ. ಅಲ್ಲಿ ಇಂತಿಷ್ಟು ಹೆಚ್ಚುಕಮ್ಮಿ ಅಂತ ಯಾರೂ ಪರದೆಯ ಮೇಲೆ ಬರೆಯಲಿಲ್ಲ.

ಕ್ರಿಕೆಟ್ ಇದನ್ನ ಆಗಲೇ ಬಗೆಹರಿಸಿಕೊಂಡಿದೆ. ಎಲ್‌ಬಿಡಬ್ಲ್ಯೂನಲ್ಲಿ ಚೆಂಡು ಸ್ಟಂಪಿನ ಅಂಚಿಗೆ ಮಾತ್ರ ತಾಗುವಂತಿದ್ದರೆ ಅಂಪೈರ್ಸ್ ಕಾಲ್. ಎಷ್ಟು ಜನ ಬೈದರೂ ಅದು ಪ್ರಾಮಾಣಿಕ ವ್ಯವಸ್ಥೆ. ಇಷ್ಟರ ಒಳಗೆ ನಮಗೆ ಖಚಿತ ಇಲ್ಲ, ಮೈದಾನದ ತೀರ್ಪೇ ಇರಲಿ ಅನ್ನುತ್ತೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅದರ ಹತ್ತಿರಕ್ಕೆ ಬಂದಿದೆ: ದಾಳಿ ಮಾಡೋ ಆಟಗಾರನಿಗೆ 5 ಸೆಂಟಿಮೀಟರ್ ವಿನಾಯಿತಿ. ಇದು ಎಲ್ಲ ಟೂರ್ನಿಗಳಿಗೂ ಒಂದೇ ಇರಬೇಕು.

ಗೆರೆ ಸರಿಯಿದ್ದೂ ಕೆಲಸ ಕೆಡಬಹುದು. 2023ರ ಸೆಪ್ಟೆಂಬರ್ 30, ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್. ಗೋಲ್ ಹೊಡೆದ ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಆನ್‌ಸೈಡ್ ಇದ್ದರು, ಗೆರೆಯೂ ಹಾಗೇ ತೋರಿಸಿತು. ಆದರೆ ಮೈದಾನದಲ್ಲಿ ಗೋಲ್ ಕೊಟ್ಟಿದ್ದಾರೆ ಅಂದುಕೊಂಡ ವಿಎಆರ್ (ವಿಡಿಯೋ ನೋಡಿ ರೆಫರಿಗೆ ನೆರವಾಗೋರು) ಕೊಠಡಿ 'ಚೆಕ್ ಕಂಪ್ಲೀಟ್' ಅಂದಿತು. ಅಲ್ಲಿ ಕೊಟ್ಟಿದ್ದು ಆಫ್‌ಸೈಡ್! ಆಟ ಮತ್ತೆ ಶುರುವಾದ ಮೇಲೆ ತೀರ್ಪು ತಿದ್ದೋಕೆ ನಿಯಮ ಬಿಡಲ್ಲ. ಮೈದಾನದ ತೀರ್ಪು ಏನು ಅಂತ ಮೊದಲು ಬಾಯಿಬಿಟ್ಟು ಹೇಳಿ ಆಮೇಲೆ ಪರಿಶೀಲನೆ ಶುರುಮಾಡಿದ್ದರೆ ಅನಾಹುತ ತಪ್ಪುತ್ತಿತ್ತು. ಇನ್ನೊಂದು ಕಡೆ, 2025ರ ಮಾರ್ಚ್‌ನಲ್ಲಿ ಎಫ್‌ಎ ಕಪ್‌ನ ಬೋರ್ನ್‌ಮತ್-ವುಲ್ವ್ಸ್ ಪಂದ್ಯದಲ್ಲಿ ಒಂದೇ ಪರಿಶೀಲನೆ ಎಂಟು ನಿಮಿಷದ ಹತ್ತಿರ ಹೋಯಿತು. ಪೆನಾಲ್ಟಿ ಬಾಕ್ಸಿನಲ್ಲಿ ಆಟಗಾರರು ಗುಂಪುಗೂಡಿದ್ದರಿಂದ ಸ್ವಯಂಚಾಲಿತ ವ್ಯವಸ್ಥೆ ಸೋತು, ಕೈಯಿಂದಲೇ ಗೆರೆ ಎಳೆಯಬೇಕಾಯಿತು.

ನಮ್ಮ ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ 2023ರ ಮಾರ್ಚ್ 3ರಂದು ಬೆಂಗಳೂರು ಎಫ್‌ಸಿಯ ಛೆಟ್ರಿ ಬೇಗನೆ ಒದ್ದ ಫ್ರೀ ಕಿಕ್ ಗೋಲಾಗಿ, ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ನಡೆಯಿತಲ್ಲ, ಆಗಲೂ ವಿಎಆರ್ ಬೇಕು ಅನ್ನೋ ಕೂಗೆದ್ದಿತ್ತು. ಆದರೆ ಆ ಜಗಳ ಸೆಂಟಿಮೀಟರಿನದಲ್ಲ, ಆಟಗಾರರ ಗೋಡೆ ನಿಲ್ಲಿಸೋಕೆ ಸಮಯ ಕೊಡಬೇಕಿತ್ತೋ ಬೇಡವೋ ಅನ್ನೋದರದು. ಅದಕ್ಕೆ ಯಾವ ಸೆನ್ಸರೂ ಉತ್ತರ ಕೊಡಲ್ಲ.

ಕೊನೆಗೆ, ಗೌತಮಪುರದಲ್ಲೋ ಆಸ್ಟಿನ್ ಟೌನಿನಲ್ಲೋ ಭಾನುವಾರದ ಪಂದ್ಯಕ್ಕೆ ಬಾವುಟ ಹಿಡಿಯೋರಿಗೆ ಎರಡು ಮಾತು. ನಿಮ್ಮ ಕಣ್ಣು ಕೊನೆಯಿಂದ ಎರಡನೇ ಡಿಫೆಂಡರ್ ಜೊತೆಗೇ ಇರಲಿ, ಚೆಂಡು ಅವನಿಗಿಂತ ಮುಂದೆ ಹೋದರೆ ಚೆಂಡಿನ ಜೊತೆ. ಮುಖ ಮೈದಾನದ ಕಡೆ ಇಟ್ಟುಕೊಂಡು ಅಡ್ಡಡ್ಡ ಹೆಜ್ಜೆ ಹಾಕಿ. ಎರಡು ಮೀಟರ್ ಹಿಂದೆ ಉಳಿದರೆ ಓರೆಯಿಂದ ನೋಡಿದಂತಾಗಿ ಆನ್‌ಸೈಡ್ ಇದ್ದವನೂ ಆಫ್‌ಸೈಡ್ ಕಾಣಬಹುದು. ಅನುಮಾನ ಇದ್ದರೆ ಬಾವುಟ ಎತ್ತಬೇಡಿ. ಥ್ರೋ-ಇನ್, ಗೋಲ್ ಕಿಕ್, ಕಾರ್ನರ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡೇ ಇಲ್ಲ. ಆಫ್‌ಸೈಡ್ ಕೊಟ್ಟರೆ ಇನ್‌ಡೈರೆಕ್ಟ್ ಫ್ರೀ ಕಿಕ್ ಆ ಆಟಗಾರ ಆಟದಲ್ಲಿ ಭಾಗಿಯಾದ ಜಾಗದಿಂದಲೇ, ಅದು ಅವನ ಸ್ವಂತ ಅರ್ಧದಲ್ಲಿದ್ದರೂ ಸರಿ.