ಚಿವುಟಿ ಬಿಟ್ಟ ತೊಗಲು

ಕೇಳುಗರಿಗೆಲ್ಲ ನಮಸ್ಕಾರ. ರೇಡಿಯೊ ಹತ್ತಿರ ಕೂತಿದ್ದರೆ ಒಂದು ಕೆಲಸ ಮಾಡಿ. ಎಡಗೈ ಬೋರಲು ಇಟ್ಟು, ಮೇಲಿನ ತೊಗಲನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಬಿಟ್ಟುಬಿಡಿ. ಹುಡುಗರದ್ದು ಪಟ್ಟನೆ ಕೂತಿರುತ್ತದೆ. ಅರವತ್ತು ದಾಟಿದವರದ್ದು ಸೀರೆ ನಿರಿಗೆಯ ಹಾಗೆ ಸ್ವಲ್ಪ ಹೊತ್ತು ನಿಂತಿರುತ್ತದೆ. ಗಾಬರಿ ಬೇಡ. ತೊಗಲಿನ ಈ ಪುಟಿತನಕ್ಕೆ ಎಲಾಸ್ಟಿಸಿಟಿ ಅನ್ನುತ್ತಾರೆ. ಅದನ್ನು ಅಳೆಯುವುದು ಹೇಗೆ ಅನ್ನುವುದೇ ಇವತ್ತಿನ ಮಾತು.

ನಾನು ಮೆಡಿಕಲ್ ಓದಲು ಸೇರಿದ ವರ್ಷ, ಬೇಸಿಗೆ ರಜೆಗೆ ಊರಿಗೆ ಬಂದವನು ನಮ್ಮ ಆಯಿಯ ಕೈ ಹೀಗೇ ಚಿವುಟಿ ನೋಡಿದೆ. ಎದ್ದ ಮಡಿಕೆ ಇಳಿಯಲೇ ಇಲ್ಲ. ಮೈಯಲ್ಲಿ ನೀರು ಪೂರಾ ಬತ್ತಿದೆ ಅಂತ ಮನೆಮಂದಿಗೆಲ್ಲ ಹೇಳಿಬಿಟ್ಟೆ. ಆಯಿ ಆಗಷ್ಟೇ ಒಂದು ತಂಬಿಗೆ ಮಜ್ಜಿಗೆ ಕುಡಿದು ಕೂತಿದ್ದಳು. “ನೀರ ಕಮ್ಮಿ ಆಗಿಲ್ಲೋ ತಮ್ಮಾ, ತೊಗಲ ಸಡ್ಲ ಆಗ್ಯಾದ” ಅಂದಳು. ಅವಳೇ ಸರಿ.

ತೊಗಲಿನೊಳಗೆ ಎರಡು ಬಗೆಯ ನಾರುಗಳಿವೆ. ಕೊಲಾಜೆನ್ ಗಟ್ಟಿತನ ಕೊಡುತ್ತದೆ. ಎಲಾಸ್ಟಿನ್ ಹಿಗ್ಗಿದ್ದನ್ನು ವಾಪಸ್ ಎಳೆಯುತ್ತದೆ. ಎಲಾಸ್ಟಿನ್ ಬಹುಪಾಲು ತಯಾರಾಗುವುದು ಎಳೆ ವಯಸ್ಸಿನಲ್ಲೇ. ಆಮೇಲೆ ವಯಸ್ಸೂ ಬಿಸಿಲೂ ಸೇರಿ ಅದನ್ನು ಹಾಳು ಮಾಡುತ್ತವೆ, ಹೊಸದು ಅಷ್ಟಾಗಿ ಬರುವುದಿಲ್ಲ. ತೊಗರಿ ಹೊಲದಲ್ಲಿ ದುಡಿದವರ ಕುತ್ತಿಗೆಯನ್ನೂ, ಅವರದೇ ತೋಳಿನ ಒಳಮೈಯನ್ನೂ ಪಕ್ಕಪಕ್ಕ ನೋಡಿ. ಒಂದೇ ಮೈ, ಒಂದೇ ವಯಸ್ಸು. ತೊಗಲು ಮಾತ್ರ ಬೇರೆ ಬೇರೆ.

ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಒಳ್ಳೆಯ ಹೋಲಿಕೆ ಇದೆ. ರೊಟ್ಟಿಗೆ ನಾದಿದ ಜೋಳದ ಹಿಟ್ಟಿಗೆ ಬೆರಳೊತ್ತಿ. ಗುಳಿ ಹಾಗೇ ಉಳಿಯುತ್ತದೆ. ಹೋಳಿಗೆ ಕಣಕಕ್ಕೆ ಒತ್ತಿ. ಗುಳಿ ಮೆಲ್ಲಗೆ ಮೇಲೇರುತ್ತದೆ, ಆದರೆ ಪೂರ್ತಿ ತುಂಬುವುದಿಲ್ಲ. ತೊಗಲು ಈ ಕಣಕದ ಜಾತಿಯದು. ರಬ್ಬರಿನ ಹಾಗೆ ಒಮ್ಮೆಲೇ ಪುಟಿಯುವುದಿಲ್ಲ. ಹಾಗಾಗಿ ಎಷ್ಟು ಹಿಗ್ಗಿತು ಅನ್ನುವುದರ ಜೊತೆಗೆ ಎಷ್ಟು ವಾಪಸ್ ಬಂತು, ಎಷ್ಟು ಬೇಗ ಬಂತು ಅಂತಲೂ ಅಳೆಯಬೇಕು.

ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ಉಪಕರಣ ಜರ್ಮನಿಯ ಕ್ಯೂಟೊಮೀಟರ್. ದಪ್ಪ ಪೆನ್ನಿನಂಥ ಒಂದು ಕೊಳವೆ, ತುದಿಯಲ್ಲಿ ಸಾಮಾನ್ಯವಾಗಿ 2 ಮಿಲಿಮೀಟರಿನ ತೂತು. ಅದನ್ನು ತೊಗಲ ಮೇಲಿಟ್ಟು ಒಳಗಿನ ಗಾಳಿ ಎಳೆಯುತ್ತಾರೆ. ತೊಗಲು ಗುಳ್ಳೆಯ ಹಾಗೆ ತೂತಿನೊಳಕ್ಕೆ ಏರುತ್ತದೆ. ಕೆಲವು ಸೆಕೆಂಡ್ ಬಿಟ್ಟು ಎಳೆತ ನಿಲ್ಲಿಸಿದರೆ ಇಳಿಯುತ್ತದೆ. ಏರಿದ್ದು ಇಳಿದದ್ದು ಎರಡನ್ನೂ ಒಳಗಿನ ಬೆಳಕು ಅಳೆಯುತ್ತದೆ. 0.4 ಮಿಲಿಮೀಟರ್ ಏರಿ 0.3 ಇಳಿಯಿತು ಅನ್ನಿ, ಇಳಿದದ್ದನ್ನು ಏರಿದ್ದರಿಂದ ಭಾಗಿಸಿದರೆ ಲೆಕ್ಕ 0.75. ಒಂದಕ್ಕೆ ಹತ್ತಿರವಾದಷ್ಟೂ ತೊಗಲು ಚುರುಕು. ಬೇರೆ ದಾರಿಗಳೂ ಇವೆ. ಬಿಲ್ಲೆ ಅಂಟಿಸಿ ತಿರುಚುವುದು, ಪುಟ್ಟ ಸುತ್ತಿಗೆ ಬೀಳಿಸಿ ಎಷ್ಟು ಪುಟಿಯಿತು ಅಂತ ನೋಡುವುದು. ರಬ್ಬರಿನ ಗಡಸುತನ ಅಳೆಯುವ ಡ್ಯೂರೊಮೀಟರನ್ನೂ, ಮೈ ತೊಗಲು ಬಿಗಿದುಕೊಳ್ಳುವ ಸ್ಕ್ಲೀರೊಡರ್ಮಾ ಕಾಯಿಲೆಯಲ್ಲಿ ಬಳಸಿದ್ದಾರೆ.

ಹೋದ ಬೇಸಿಗೆಯಲ್ಲಿ ಕಲಬುರಗಿಯ ಒಂದು ಅಂಗಡಿಗೆ ಹೋಗಿದ್ದೆ. ಅಲ್ಲಿನ ಹುಡುಗಿ ನನ್ನ ಕೆನ್ನೆಗೆ ಬೆಂಕಿಪೊಟ್ಟಣದಷ್ಟು ಯಂತ್ರ ಒತ್ತಿ, “ಸರ್, ನಿಮ್ಮ ಎಲಾಸ್ಟಿಸಿಟಿ ಬರೀ 38” ಅಂದಳು. ನಾನು ಸುಡುಬಿಸಿಲಿಂದ ಬೆವರುತ್ತಾ ಆಗಷ್ಟೇ ಒಳಗೆ ಕಾಲಿಟ್ಟಿದ್ದೆ. ಆಮೇಲೆ ಕ್ರೀಮ್ ಸವರಿ ಮತ್ತೆ ಒತ್ತಿದಳು. ಈ ಸಲ 51! ನಗು ಬಂತು. ತೇವ ಹೀರಿದ ತೊಗಲು ಸ್ವಲ್ಪ ಹೊತ್ತು ಮೆತ್ತಗಾಗುತ್ತದೆ, ಸುಮ್ನೆ ಒತ್ತುವ ಬಿಗಿ ಬದಲಾದರೂ ಅಂಕಿ ಬದಲಾಗುತ್ತದೆ. ಪ್ರಯೋಗಾಲಯದಲ್ಲಿ ಅಳೆಯುವವರು ಇಪ್ಪತ್ತು ಡಿಗ್ರಿ ಆಸುಪಾಸಿನ ತಂಪು ಕೋಣೆಯಲ್ಲಿ ಕಾಲು ಗಂಟೆಯಾದರೂ ಕೂರಿಸಿ, ಬೆವರು ಆರಿದ ಮೇಲೆ, ಅದೇ ಜಾಗದಲ್ಲಿ ಮತ್ತೆ ಮತ್ತೆ ನೋಡುತ್ತಾರೆ. ಎಷ್ಟರಲ್ಲಿ 38 ಅಂತ ಕೇಳಿದೆ. ಕ್ರೀಮಿನ ಬೆಲೆ ಹೇಳಿದಳು.

ಇನ್ನೊಂದು ತೊಡಕಿದೆ. ವಿಯೆನ್ನಾದ ಅಂಗರಚನಾ ತಜ್ಞ ಕಾರ್ಲ್ ಲ್ಯಾಂಗರ್ 1861ರಲ್ಲಿ ಶವಗಳ ತೊಗಲಿಗೆ ಗುಂಡನೆಯ ಮೊನೆಯಿಂದ ಚುಚ್ಚಿ ನೋಡಿದ. ನಾವು ತೊಗರಿ ಚೀಲ ಹೊಲಿಯುವ ದಬ್ಬಣದಂಥದ್ದು ಅನ್ನಿ. ಮೊನೆ ಗುಂಡಗಿದ್ದರೂ ತೂತು ಉದ್ದಕ್ಕೆ ಸೀಳಿಕೊಂಡಿತು. ತೊಗಲು ಒಂದು ದಿಕ್ಕಿಗೆ ಜಾಸ್ತಿ ಬಿಗಿಯಾಗಿರುತ್ತದೆ. ಅಂಥ ಗೆರೆಗಳ ಗುಂಟ ಕೊಯ್ದರೆ ಕಲೆ ಸಣ್ಣದಾಗುತ್ತದೆ ಅಂತ ಸರ್ಜನ್‌ಗಳಿಗೆ ಗೊತ್ತು. ದುಂಡು ತೂತಿನ ಉಪಕರಣ ಮಾತ್ರ ಎಲ್ಲ ಕಡೆಯಿಂದಲೂ ಒಟ್ಟಿಗೆ ಎಳೆಯುತ್ತದೆ. ದಿಕ್ಕು ಅದಕ್ಕೆ ಕಾಣುವುದಿಲ್ಲ.

ಇಷ್ಟೆಲ್ಲ ಯಂತ್ರ ಬಂದರೂ, ವಾಂತಿ ಭೇದಿಯಾದ ಮಗುವಿನ ಮೈಯಲ್ಲಿ ನೀರು ಬತ್ತಿದೆಯಾ ಅಂತ ನೋಡಲು ಬೆರಳೇ ಉಪಕರಣ. ಕೈ ಚಿವುಟಬೇಡಿ. ಹೊಕ್ಕುಳಿಗೂ ಪಕ್ಕೆಗೂ ನಡುವೆ, ಹೊಟ್ಟೆಯ ತೊಗಲನ್ನು ಮೇಲೆ ಕೆಳಗಿನ ನೇರಕ್ಕೆ ಹಿಡಿದೆತ್ತಿ, ಒಂದು ಸೆಕೆಂಡ್ ಬಿಟ್ಟು ಬಿಡಿ. ತಕ್ಷಣ ಕೂರಬೇಕು. ತೀರಾ ಸೊರಗಿದ ಮಗುವಿನಲ್ಲೂ, ತೀರಾ ದಪ್ಪ ಮಗುವಿನಲ್ಲೂ ಇದೊಂದನ್ನೇ ನಂಬುವ ಹಾಗಿಲ್ಲ. ಕಣ್ಣು ಗುಳಿ ಬಿದ್ದಿದೆಯಾ, ಮಗು ಮಂಕಾಗಿದೆಯಾ ಅಂತಲೂ ನೋಡಿ. ಮಡಿಕೆ ಎರಡು ಸೆಕೆಂಡಿಗಿಂತ ಜಾಸ್ತಿ ನಿಂತು, ಮಗುವೂ ಮಂಕಾಗಿದ್ದರೆ ತಡಮಾಡಬೇಡಿ. ಕುಡಿಯುವಷ್ಟು ಎಚ್ಚರವಿದ್ದರೆ ದಾರಿಯುದ್ದಕ್ಕೂ ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಿ.

ನಮಸ್ಕಾರ.