ಕರಾರಿನಲ್ಲಿ ಬರೆಯದೇ ಹೋದದ್ದು

ಕೇಳುಗರೇ, ನಮಸ್ಕಾರ. ಸರ್ಕಾರದ ಕೆಲಸವನ್ನು ಖಾಸಗಿಯವರಿಗೆ ಕೊಡಬೇಕೇ ಬೇಡವೇ ಅನ್ನುವ ಮಾತು ಎದ್ದರೆ ಜಗಳ ಖಚಿತ. ಒಬ್ಬರಿಗೆ ಸರ್ಕಾರಿ ನೌಕರರೆಲ್ಲ ಸೋಮಾರಿಗಳು, ಇನ್ನೊಬ್ಬರಿಗೆ ಕಂಪನಿಯವರೆಲ್ಲ ಲೂಟಿಕೋರರು. ಆ ಜಗಳ ಬಿಟ್ಟು, ಒಂದು ಕರಾರಿನ ಗತಿ ಏನಾಯಿತು ನೋಡೋಣ.

ಅಮೆರಿಕದ ಇಂಡಿಯಾನಾ ರಾಜ್ಯ, 2006. ಬಡವರ ಆಹಾರ ನೆರವು ಮತ್ತು ವೈದ್ಯಕೀಯ ನೆರವಿನ ಅರ್ಜಿಗಳನ್ನು ನೋಡಿಕೊಳ್ಳುವ ಕೆಲಸವನ್ನು ಅಲ್ಲಿನ ಸರ್ಕಾರ ಕಂಪ್ಯೂಟರ್ ಕಂಪನಿ ಐಬಿಎಂ ಮುಂದಾಳತ್ವದ ಕಂಪನಿಗಳಿಗೆ ವಹಿಸಿತು. ಅವಧಿ 10 ವರ್ಷ, ಮೊತ್ತ 100 ಕೋಟಿ ಡಾಲರಿಗೂ ಜಾಸ್ತಿ. ಗವರ್ನರ್, ಅಂದರೆ ಅಲ್ಲಿ ನಮ್ಮ ಮುಖ್ಯಮಂತ್ರಿಯ ಹಾಗೆ ಆಡಳಿತ ನಡೆಸುವವರು, ಮಿಚ್ ಡೇನಿಯಲ್ಸ್ ಅವರಿಗೆ ಇದರಲ್ಲಿ ಭಾರಿ ನಂಬಿಕೆ. ಹಳೆಯ ವ್ಯವಸ್ಥೆಯೇನೂ ಸಾಚಾ ಆಗಿರಲಿಲ್ಲ ಬಿಡಿ, ತಪ್ಪು, ತಡ, ಮೋಸ ಎಲ್ಲ ಅಲ್ಲೂ ಇತ್ತು.

ಮೊದಲು ಒಂದು ಮನೆಯ ಕಡತವನ್ನು ಒಬ್ಬ ನೌಕರ ನೋಡಿಕೊಳ್ಳುತ್ತಿದ್ದ. ಆ ಮನೆಯ ಕಷ್ಟ ಅವನಿಗೆ ಗೊತ್ತಿರುತ್ತಿತ್ತು. ಹೊಸ ಪದ್ಧತಿಯಲ್ಲಿ ಕಂಪ್ಯೂಟರ್, ಕಾಲ್ ಸೆಂಟರ್ ಬಂದವು. ಪ್ರತಿ ಸಲ ಬೇರೆ ಬೇರೆ ದನಿ. ಕಾಗದಪತ್ರಗಳನ್ನು ಫ್ಯಾಕ್ಸ್ ಮಾಡಬೇಕು, ಅವು ಎಲ್ಲೋ ಕಳೆದುಹೋಗುತ್ತವೆ. ಹೇಳಿದ ಹೊತ್ತಿಗೆ ಫೋನ್ ಎತ್ತಲಾಗಲಿಲ್ಲ ಅಂದರೆ ನೆರವು ಬಂದ್. ನೋಟಿಸಿನಲ್ಲಿ ಕಾರಣ: 'ಅರ್ಜಿದಾರರು ಸಹಕರಿಸಲಿಲ್ಲ.' ಆಸ್ಪತ್ರೆಯಲ್ಲಿ ಮಲಗಿದವರಿಗೂ ಅದೇ ಉತ್ತರ! ಫೋನಿಗೆ ಎಷ್ಟು ಬೇಗ ಉತ್ತರ ಕೊಟ್ಟಿರಿ ಅನ್ನುವುದನ್ನು ಕರಾರಿನಲ್ಲಿ ಬರೆದು ಅಳೆಯಬಹುದು, ತಡವಾದರೆ ದಂಡವನ್ನೂ ಹಾಕಬಹುದು. ಅರ್ಹರೊಬ್ಬರ ಅನ್ನ ತಪ್ಪಿತೇ ಅನ್ನುವುದನ್ನು ಹಾಗೆ ಅಳೆಯುವುದು ಕಷ್ಟ. ಯಾವುದಕ್ಕೆ ದುಡ್ಡು ಸಿಗುತ್ತದೋ ಕಂಪನಿ ಅದನ್ನೇ ಮಾಡುತ್ತದೆ, ಅಲ್ವಾ?

2009ರಲ್ಲಿ ಅದೇ ಡೇನಿಯಲ್ಸ್ ಕರಾರನ್ನು ರದ್ದು ಮಾಡಿದರು. ಆಮೇಲೆ ಕೋರ್ಟು. ರಾಜ್ಯ ಸರ್ಕಾರ, ಐಬಿಎಂ ಇಬ್ಬರೂ ಒಬ್ಬರ ಮೇಲೊಬ್ಬರು ದಾವೆ ಹೂಡಿದರು. ಕರಾರನ್ನು ಮುರಿದದ್ದು ಐಬಿಎಂ ಅಂತ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿದ್ದು 2016ರಲ್ಲಿ. ಪರಿಹಾರ ಎಷ್ಟು ಅನ್ನುವುದಕ್ಕೆ ಮತ್ತೂ ವರ್ಷಗಳು ಹಿಡಿದವು. ನೆರವು ನಿಂತಿದ್ದ ಮನೆಗಳು ಅಷ್ಟು ದಿನ ಕಾಯೋಕೆ ಆಗುತ್ತಾ?

ಹಾಗಂತ ಎಲ್ಲವನ್ನೂ ಸರ್ಕಾರವೇ ಮಾಡಲಿ ಅಂತ ನಾನು ಹೇಳುತ್ತಿಲ್ಲ. ಕಚೇರಿ ಗುಡಿಸುವುದು, ವಾಹನ ರಿಪೇರಿ, ಮುದ್ರಣ, ಇವನ್ನೆಲ್ಲ ಹೊರಗೆ ಕೊಡಬಹುದು. ಕೆಲಸ ಕೆಟ್ಟರೆ ಕಣ್ಣಿಗೆ ಕಾಣುತ್ತದೆ, ಗುತ್ತಿಗೆದಾರನನ್ನು ಬದಲಿಸಿದರಾಯಿತು. ಆದರೆ ಯಾರಿಗೆ ನೆರವು, ಯಾರಿಗಿಲ್ಲ ಅನ್ನುವ ತೀರ್ಮಾನ ಆ ಜಾತಿಯದ್ದಲ್ಲ. ಕರಾರು ರದ್ದಾದ ಮೇಲೆ ಇಂಡಿಯಾನಾ ಕೂಡ ಕಂಪ್ಯೂಟರನ್ನು ಬಿಸಾಡಲಿಲ್ಲ, ಖಾಸಗಿಯವರನ್ನೂ ಪೂರ್ತಿ ಹೊರಗೆ ಹಾಕಲಿಲ್ಲ. ಜನ ಎದುರಿಗೆ ಕೂತು ಮಾತಾಡಲು ಸ್ಥಳೀಯ ಕಚೇರಿಗಳಲ್ಲಿ ಮತ್ತೆ ನೌಕರರನ್ನು ಕೂರಿಸಿತು.